ಗಂಟಿನಲ್ಲಿ ಕಟ್ಟಿಟ್ಟ ಪೆರು

ಕೇಳುಗರೆಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಪರದೇಶವನ್ನು ಪರಿಚಯಿಸಬೇಕೇ? ರಾಜಧಾನಿ, ಜನಸಂಖ್ಯೆ, ನಾಣ್ಯ ಎಂದು ಶುರುಮಾಡಬೇಡಿ. ಮೊದಲು ಅವರ ಕೈಗೆ ಏನಾದರೂ ಕೊಡಿ.

ಒಂದು ಶನಿವಾರ ನನ್ನ ಮಕ್ಕಳ ಗ್ರಂಥಾಲಯದಲ್ಲಿ ಪೆರು ದೇಶದ ಚಿತ್ರಪುಸ್ತಕ ಹಿಡಿದು ಕುಳಿತಿದ್ದೆ. ಬೆಟ್ಟದ ಮೇಲಿನ ಪಾಳುಪಟ್ಟಣ ಮಾಚು ಪಿಚು ತೋರಿಸಿ, ಹದಿನೈದನೆಯ ಶತಮಾನದಲ್ಲಿ ಇಂಕಾ ಜನ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದರು ಎಂದೆ. ಮಕ್ಕಳು ಆಕಳಿಸಿದರು. ಇಂಕಾಗಳಿಗೆ ನಮ್ಮಂತೆ ಅಕ್ಷರಗಳಿರಲಿಲ್ಲ ಎಂದಾಗ ಮಾತ್ರ ಒಬ್ಬಳು ತಲೆಯೆತ್ತಿದಳು: "ಹಾಗಾದರೆ ಲೆಕ್ಕ?"

ಪುಸ್ತಕ ಮುಚ್ಚಿ, ಹೂ ಕಟ್ಟುವ ದಾರದ ಉಂಡೆ ತಂದೆ. ಇಂಕಾಗಳ ಲೆಕ್ಕವೆಲ್ಲ ದಾರದ ಗಂಟುಗಳಲ್ಲಿ. ಅದರ ಹೆಸರು ಕಿಪು. ಒಂದು ದಪ್ಪ ದಾರ, ಅದಕ್ಕೆ ಇಳಿಬಿಟ್ಟ ಸಣ್ಣ ದಾರಗಳು. ತುದಿಯಲ್ಲಿ ಬಿಡಿಯ ಸ್ಥಾನ, ಅದರ ಮೇಲೆ ಹತ್ತು, ಇನ್ನೂ ಮೇಲೆ ನೂರು. ಸೊನ್ನೆಯಿದ್ದರೆ ಆ ಜಾಗ ಖಾಲಿ. ಹತ್ತು, ನೂರರ ಸ್ಥಾನದಲ್ಲಿ ಎಷ್ಟು ಸಾದಾ ಗಂಟೋ ಅಷ್ಟು ಸಂಖ್ಯೆ. ಬಿಡಿ ಸ್ಥಾನದಲ್ಲಿ ಒಂದೇ ಗಂಟು, ಅದಕ್ಕೆ ಎಷ್ಟು ಸುತ್ತೋ ಅಷ್ಟು ಸಂಖ್ಯೆ; ಒಂದಕ್ಕೆ ಮಾತ್ರ ಬೇರೆಯೇ ಗಂಟು. ಏಕೆಂದು ನಾನು ಹೇಳಲಿಲ್ಲ. ಕಟ್ಟಿ ನೋಡಿದ ಅದೇ ಹುಡುಗಿ ಹೇಳಿದಳು: "ಒಂದೇ ಸುತ್ತು ಹಾಕಿದರೆ ಹತ್ತರ ಗಂಟಿನ ಹಾಗೇ ಕಾಣುತ್ತದೆ, ಮೇಡಂ!"

ಮುಂದಿನ ಶನಿವಾರ ಆಕೆ ಮನೆಯ ತಿಂಗಳ ಹಾಲಿನ ಲೆಕ್ಕವನ್ನೇ ಕಟ್ಟಿ ತಂದಳು. ಹಸುವಿಗೊಂದು ದಾರ. ಮೇಲೊಂದು ಗಂಟು, ನಡುವೆ ಬರಿ ದಾರ, ಕೆಳಗೆ ಎಂಟು ಸುತ್ತು. ಬೆರಳಿನಿಂದ ಸವರಿ ಓದಿದೆ: 108 ಲೀಟರ್.

ಆಮೇಲೆ ಪ್ರಶ್ನೆಗಳು ತಾವಾಗಿಯೇ ಬಂದವು. ಇಂಕಾಗಳು ಏನಾದರು? 1532ರಲ್ಲಿ ಸ್ಪೇನಿನ ಪಿಸಾರೊ ಇನ್ನೂರಕ್ಕೂ ಕಡಿಮೆ ಜನರೊಂದಿಗೆ ಬಂದು ಅವರ ಅರಸ ಅತಾಹುವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗೆಂದು ಒಂದು ಕೋಣೆ ಚಿನ್ನ ಪಡೆದೂ ಮರುವರ್ಷ ಕೊಲ್ಲಿಸಿದ. ಆಗ ನಮ್ಮ ಹಂಪಿಯಲ್ಲಿ ಅಚ್ಯುತರಾಯನ ಆಳ್ವಿಕೆ. ಇಸವಿಯನ್ನು ಯಾರೂ ಬಾಯಿಪಾಠ ಮಾಡಲಿಲ್ಲ, ಯಾರೂ ಮರೆಯಲೂ ಇಲ್ಲ. "ಪಾಠ ಮುಗಿಯಬೇಕಲ್ಲ" ಎನ್ನುವ ಶಿಕ್ಷಕರು ದಯವಿಟ್ಟು ಇದನ್ನು ಗಮನಿಸಬೇಕು.

ಆಲೂಗಡ್ಡೆಯ ಕಥೆಯನ್ನೂ ಹೇಳಬೇಕೆಂದಿದ್ದೆ; ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಆಂಡಿಸ್ ಬೆಟ್ಟದವರು ಅದನ್ನು ರಾತ್ರಿಯ ಹಿಮಕ್ಕೆ ಹರಡಿ, ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ, ನಮ್ಮ ಸಂಡಿಗೆಯ ದೂರದ ನೆಂಟ. ಅಲ್ಲಿಯೂ ಅಷ್ಟೇ, ಕಥೆಗಿಂತ ಮೊದಲು ಗಡ್ಡೆ ಮಕ್ಕಳ ಕೈಗೆ ಬರಲಿ.

ಹೂವಿನ ದಾರ ಸಿಗದಿದ್ದರೆ ಗೋಣಿಚೀಲದ ಹುರಿಯೂ ಆದೀತು. ನೈಲಾನ್ ಮಾತ್ರ ಬೇಡ, ಗಂಟು ಜಾರುತ್ತದೆ. ನಮಸ್ಕಾರ.