ಪಡಾಂಗ್‌ನ ಆ 45 ಹುಡುಗಿಯರು

ನಮಸ್ಕಾರ. ಇವತ್ತು ಇಂಡೊನೇಷ್ಯಾದ ಒಂದು ಊರಿನಿಂದ ಮಾತು ಶುರು ಮಾಡುತ್ತೇನೆ. ಊರಿನ ಹೆಸರು ಪಡಾಂಗ್. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿದೆ.

2021ರ ಜನವರಿ. ಅಲ್ಲಿನ ಒಂದು ಸರ್ಕಾರಿ ಶಾಲೆ ಒಬ್ಬ ಅಪ್ಪನನ್ನು ಕರೆಸಿತು. ಮಗಳು ತಲೆಗೆ ಸ್ಕಾರ್ಫ್, ಅಂದರೆ ಹಿಜಾಬ್, ಹಾಕುತ್ತಿಲ್ಲ ಅನ್ನುವುದು ದೂರು. ಅವರು ಕ್ರೈಸ್ತರು. ಶಾಲೆಯಲ್ಲಿ ನಡೆದ ಮಾತನ್ನು ಅಪ್ಪ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರು. ಇದು ಶಾಲೆಯ ನಿಯಮ, ಎಲ್ಲರೂ ಪಾಲಿಸಬೇಕು ಅನ್ನುವುದು ಶಾಲೆಯ ಉತ್ತರ. ಆ ವಿಡಿಯೊ ದೇಶದ ತುಂಬಾ ಹರಡಿತು. ಪ್ರಾಂಶುಪಾಲರು ಕ್ಷಮೆ ಕೇಳಿದರು.

ಅದೇ ಹೊತ್ತಿನಲ್ಲಿ ಶಾಲೆಯಿಂದ ಇನ್ನೊಂದು ಲೆಕ್ಕವೂ ಹೊರಗೆ ಬಂತು. ಅಲ್ಲಿ ಮುಸ್ಲಿಮರಲ್ಲದ ಹುಡುಗಿಯರು 46 ಮಂದಿ. ಇವಳೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರೂ ಸ್ಕಾರ್ಫ್ ಹಾಕುತ್ತಿದ್ದರು.

ನನ್ನ ಮನಸ್ಸು ಆ 45 ಹುಡುಗಿಯರ ಹತ್ತಿರವೇ ನಿಂತುಬಿಟ್ಟಿದೆ. ಅವರು ದೂರು ಕೊಡಲಿಲ್ಲ. ಹಾಗಂತ ಒಪ್ಪಿಕೊಂಡಿದ್ದರು ಅಂತ ಹೇಳೋಕಾಗುತ್ತಾ? ಅಂಕ ಕೊಡುವವರು ಟೀಚರ್, ಟಿ.ಸಿ. ಕೊಡುವವರೂ ಶಾಲೆಯವರೇ. ಹದಿನಾರು ವರ್ಷದ ಹುಡುಗಿ ದಿನಾ ಬೆಳಿಗ್ಗೆ ಆ ಗೇಟ್ ದಾಟಬೇಕು. ಸುಮ್ನೆ ಹಾಕಿಕೊಂಡು ಹೋದರೆ ಆಯ್ತು ಅಂತ ಮನೆಯವರೇ ಹೇಳಿರಬಹುದು. ನಾವಾಗಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದೆವು, ಅಲ್ವಾ?

ಇದು ಒಂದು ಶಾಲೆಯ ಹಟವೂ ಅಲ್ಲ. 2005ರಲ್ಲಿ ಪಡಾಂಗ್‌ನ ಮೇಯರ್ ಫೌಜಿ ಬಹಾರ್ ಒಂದು ಆದೇಶ ಹೊರಡಿಸಿದ್ದರು. ಶಾಲೆಗೆ ಹೋಗುವ ಮುಸ್ಲಿಂ ಹುಡುಗಿಯರು ಇಸ್ಲಾಮಿಕ್ ಉಡುಪನ್ನೇ ತೊಡಬೇಕು. ಬೇರೆ ಧರ್ಮದವರೂ ಅದಕ್ಕೆ ಹೊಂದಿಕೊಂಡರೆ ಒಳ್ಳೆಯದು ಅನ್ನುವುದು ಸಲಹೆ. ಸಲಹೆ ಶಾಲೆಯ ಅಂಗಳಕ್ಕೆ ಬರುವಷ್ಟರಲ್ಲಿ ಕಡ್ಡಾಯ ಆಗಿತ್ತು. ಅದಕ್ಕೂ ಮುಂಚೆ, 2002ರಲ್ಲಿ, ಅದೇ ಪ್ರಾಂತ್ಯದ ಸೋಲೋಕ್ ಜಿಲ್ಲೆ ಇಂಥ ಕಾನೂನು ಮಾಡಿತ್ತು. 2003ರಲ್ಲಿ ಸುಲಾವೆಸಿ ದ್ವೀಪದ ಬುಲುಕುಂಬಾ ಜಿಲ್ಲೆ ಮಾಡಿತು. ಶಾಲಾ ಮಕ್ಕಳ ಜೊತೆಗೆ ಸರ್ಕಾರಿ ನೌಕರರಿಗೂ ಇವು ಅನ್ವಯ.

ಒಂದು ಜಿಲ್ಲೆಗೆ ಇಷ್ಟು ಅಧಿಕಾರ ಎಲ್ಲಿಂದ ಬಂತು? ಅಧ್ಯಕ್ಷ ಸುಹಾರ್ತೋ ಅವರ ಆಡಳಿತ 1998ರಲ್ಲಿ ಮುಗಿಯಿತು. ಮರುವರ್ಷವೇ ಜಿಲ್ಲೆಗಳಿಗೆ ದೊಡ್ಡ ಅಧಿಕಾರ ಕೊಡುವ ಕಾನೂನು ಬಂತು. ಆದರೆ ಅದೇ ಕಾನೂನು ಧರ್ಮದ ವಿಷಯವನ್ನು ಕೇಂದ್ರ ಸರ್ಕಾರಕ್ಕೇ ಬಿಟ್ಟಿತ್ತು. ಹಾಗಾಗಿ ಇವು ಧರ್ಮದ ಕಾನೂನುಗಳಲ್ಲ, ಶಿಸ್ತು, ಸಂಸ್ಕೃತಿಯ ಕಾನೂನುಗಳು ಅಂತ ಸ್ಥಳೀಯ ನಾಯಕರು ಸಮರ್ಥಿಸಿಕೊಂಡರು. ಇವನ್ನು ತಂದವರಲ್ಲಿ ಹಲವರು ಇಸ್ಲಾಮಿಕ್ ಪಕ್ಷದವರೂ ಅಲ್ಲ, ಗೋಲ್ಕಾರ್‌ನಂಥ ಜಾತ್ಯತೀತ ಪಕ್ಷದವರು. ಚುನಾವಣೆ ಗೆಲ್ಲಬೇಕಿತ್ತು, ಧಾರ್ಮಿಕ ಮುಖಂಡರ ಬೆಂಬಲ ಬೇಕಿತ್ತು. ಅದರ ಬೆಲೆ ತೆತ್ತವರು ಹುಡುಗಿಯರು, ಟೀಚರ್‌ಗಳು, ಆಫೀಸಿಗೆ ಹೋಗುವ ಹೆಂಗಸರು. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ.

ಇನ್ನೊಂದು ಸಂಗತಿ ಗೊತ್ತಾದಾಗ ನಾನು ತುಂಬಾ ಹೊತ್ತು ಅದನ್ನೇ ಯೋಚಿಸಿದೆ. ಇದೇ ದೇಶ 1982ರಲ್ಲಿ ಸರ್ಕಾರಿ ಶಾಲೆಗಳಿಗೆ ಒಂದೇ ಸಮವಸ್ತ್ರದ ಆದೇಶ ಹೊರಡಿಸಿತ್ತು. ಅದರಲ್ಲಿ ಸ್ಕಾರ್ಫ್‌ಗೆ ಜಾಗ ಇರಲಿಲ್ಲ. ಹಾಕಿಕೊಂಡು ಬಂದ ಹುಡುಗಿಯರನ್ನು ಹೊರಗೆ ಕಳಿಸಿದರು. ಎಷ್ಟೋ ಮಕ್ಕಳು ಖಾಸಗಿ ಶಾಲೆ ಸೇರಿದರು. ಕೆಲವರು ಕೋರ್ಟಿಗೂ ಹೋದರು. 1991ರಲ್ಲಿ ಸರ್ಕಾರ ಮಣಿಯಿತು. ಅವತ್ತು ಹುಡುಗಿಯರು ಕೇಳಿದ್ದು ಇಷ್ಟೇ, ನಮ್ಮ ತಲೆ ಮೇಲಿನ ಬಟ್ಟೆ ನಮಗೆ ಬಿಡಿ. ಹತ್ತೇ ಹನ್ನೆರಡು ವರ್ಷದಲ್ಲಿ ಅದೇ ಬಟ್ಟೆಯನ್ನು ಬೇರೆ ಹುಡುಗಿಯರ ಮೇಲೆ ಹೇರಿದರು.

ಹೇರಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2022ರಲ್ಲಿ ಯೋಗ್ಯಕರ್ತಾ ಪ್ರಾಂತ್ಯದ ಒಂದು ಶಾಲೆಯಲ್ಲಿ ಟೀಚರ್‌ಗಳು ಒಬ್ಬ ಹುಡುಗಿಗೆ ಒತ್ತಾಯ ಮಾಡಿದರು. ಅವಳು ಟಾಯ್ಲೆಟ್‌ಗೆ ಹೋಗಿ ಸುಮಾರು ಒಂದು ಗಂಟೆ ಅತ್ತಳು. ಅವಳು ಮುಸ್ಲಿಂ ಹುಡುಗಿ. ಮರುವರ್ಷ ಪೂರ್ವ ಜಾವಾದ ಲಾಮೊಂಗಾನ್‌ನಲ್ಲಿ ಒಬ್ಬ ಟೀಚರ್ 10ಕ್ಕೂ ಹೆಚ್ಚು ಹುಡುಗಿಯರ ತಲೆಯ ಒಂದು ಭಾಗದ ಕೂದಲನ್ನೇ ಬೋಳಿಸಿದರು. ಅವರೆಲ್ಲ ಸ್ಕಾರ್ಫ್ ಹಾಕಿಕೊಂಡೇ ಬಂದಿದ್ದರು. ಒಳಗಿನ ಟೋಪಿ ಹಾಕಿರಲಿಲ್ಲ, ಮುಂದಲೆ ಕೂದಲು ಕಾಣುತ್ತಿತ್ತು ಅಷ್ಟೇ. ಯಾವ ಧರ್ಮದ ಮರ್ಯಾದೆ ಇದರಿಂದ ಉಳಿಯಿತು?

ಪಡಾಂಗ್‌ನ ವಿಡಿಯೊ ಬಂದ ಮೇಲೆ ಮೂವರು ಕೇಂದ್ರ ಸಚಿವರು ಸೇರಿ 2021ರ ಫೆಬ್ರವರಿ 3ರಂದು ಜಂಟಿ ಆದೇಶ ಹೊರಡಿಸಿದರು. ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಉಡುಪನ್ನು ಕಡ್ಡಾಯ ಮಾಡುವಂತಿಲ್ಲ, ನಿಷೇಧಿಸುವಂತೆಯೂ ಇಲ್ಲ. ಇಂಥ ನಿಯಮಗಳನ್ನು 30 ದಿನದೊಳಗೆ ತೆಗೆಯಬೇಕು. ಶರಿಯತ್ ಕಾನೂನು ಇರುವ ಅಚೇ (Aceh) ಎಂಬ ಪ್ರಾಂತ್ಯಕ್ಕೆ ಮಾತ್ರ ವಿನಾಯಿತಿ. ಎರಡೂ ಕಡೆಯ ಬಲವಂತಕ್ಕೆ ತಡೆ ಹಾಕಿದ ಆ ಆದೇಶ ನನಗೆ ತುಂಬಾ ಇಷ್ಟ. ಅದು ಮೂರು ತಿಂಗಳು ಬಾಳಿತು. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನಾಂಗದ ಸಂಪ್ರದಾಯದ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ಕೋರ್ಟು ಆದೇಶವನ್ನು ರದ್ದು ಮಾಡಿತು.

ಇದು ನಮ್ಮ ಸಂಪ್ರದಾಯ ಅನ್ನುವ ಅವರ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಮಿನಾಂಗ್‌ಕಬಾವ್ ಜನರಿಗೆ ಅವರ ಪದ್ಧತಿ, ಧರ್ಮ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಆದರೆ ಅಲ್ಲಿ ವಂಶದ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯನ್ನೇ ಮಗಳ ಕೈಗೆ ಕೊಡುವ ಜನ, ಒಂದು ಸ್ಕಾರ್ಫ್ ವಿಷಯದಲ್ಲಿ ಅವಳ ಮಾತು ಕೇಳಬಾರದಾ?

ಕರ್ನಾಟಕದಲ್ಲಿ ಕೂತು ಇದನ್ನು ಮಾತಾಡುವಾಗ ಉಡುಪಿ ನೆನಪಾಗದೆ ಇರುವುದಿಲ್ಲ. 2022ರ ಫೆಬ್ರವರಿಯ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಹಿಜಾಬ್ ಹಾಕಿದ್ದಕ್ಕೆ ಗೇಟಿನ ಹೊರಗೆ ನಿಂತ ನಮ್ಮ ಹುಡುಗಿಯರಿಗೆ ಆದದ್ದು ತಪ್ಪು ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅದನ್ನು ನಂಬುವ ನನಗೆ ಪಡಾಂಗ್ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ. ಪಡಾಂಗ್ ವಿಷಯದಲ್ಲಿ ದನಿ ಎತ್ತುವವರು ಉಡುಪಿಯನ್ನು ಬಿಟ್ಟುಬಿಡುವುದೂ ಸರಿಯಲ್ಲ.

ಇಂಡೊನೇಷ್ಯಾದಲ್ಲೇ ಇನ್ನೊಂದು ಘಟನೆ ನಡೆಯಿತು. 2024ರ ಆಗಸ್ಟ್. ಹೊಸ ರಾಜಧಾನಿ ಅಂತ ಕಟ್ಟುತ್ತಿದ್ದ ನುಸಾಂತರಾದಲ್ಲಿ ಸ್ವಾತಂತ್ರ್ಯ ದಿನದ ಧ್ವಜ ಹಾರಿಸುವ ತಂಡಕ್ಕೆ 13ನೇ ತಾರೀಕು ದೀಕ್ಷೆ ಕೊಟ್ಟರು. ತಂಡದಲ್ಲಿ ದಿನವೂ ಹಿಜಾಬ್ ಹಾಕುವ 18 ಹುಡುಗಿಯರಿದ್ದರು. ಅವತ್ತು ಒಬ್ಬರ ತಲೆ ಮೇಲೂ ಅದು ಇರಲಿಲ್ಲ. ಅವರೇ ಸ್ವಇಚ್ಛೆಯಿಂದ ಒಪ್ಪಿ ಸಹಿ ಹಾಕಿದ್ದಾರೆ ಅಂತ ಹೊಣೆ ಹೊತ್ತ ಸರ್ಕಾರಿ ಸಂಸ್ಥೆ ಹೇಳಿತು. ದೇಶ ಆ ಮಾತನ್ನು ನಂಬಲಿಲ್ಲ. ಎಲ್ಲ ಕಡೆಯಿಂದ ಆಕ್ಷೇಪ ಬಂತು. ಸಂಸ್ಥೆ ಕ್ಷಮೆ ಕೇಳಿತು. ನಾಲ್ಕು ದಿನ ಕಳೆದು, 17ರ ಬೆಳಿಗ್ಗೆ, ಆ ಹುಡುಗಿಯರು ಹಿಜಾಬ್ ಹಾಕಿಕೊಂಡೇ ಮೈದಾನಕ್ಕೆ ಬಂದರು.