ಗ್ಲೋಬಲ್ ಶಟರ್: ವೇಗವಲ್ಲ, ಕಾಯುವ ಕಲೆ

ಮಾನ್ಯ ಅಧ್ಯಕ್ಷರೇ, ಗೆಳೆಯರೇ,

ನನಗಿಂತ ಮೊದಲು ಮಾತನಾಡಿದವರು ಗ್ಲೋಬಲ್ ಶಟರ್ ಎಂದರೆ ವೇಗದ ಕ್ಯಾಮೆರಾ ಎಂದರು. ಮಾರಾಟಗಾರರ ಕೊಟೇಶನ್‌ಗಳಲ್ಲಿಯೂ ಹೀಗೆಯೇ ಬರೆದಿರುತ್ತದೆ. ಈ ಮಾತಿಗೆ ನನ್ನ ತಕರಾರಿದೆ. ಇಂದಿನ ಉಪನ್ಯಾಸವೆಲ್ಲ ಆ ತಕರಾರಿನ ವಿಸ್ತರಣೆಯೇ. ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್. ಗ್ಲೋಬಲ್ ಶಟರ್ ಸೆನ್ಸರ್ ಕೂಡ ಚಿತ್ರವನ್ನು ಸಾಲು ಸಾಲಾಗಿಯೇ ಓದಿ ಹೊರಗೆ ಕಳಿಸುತ್ತದೆ. ಅದರ ಹೆಚ್ಚುಗಾರಿಕೆಯಿರುವುದು ಓದಿನ ಸರದಿ ಬರುವ ತನಕ ಬೆಳಕು ತಾಗದಂತೆ ಕಾಯುವುದರಲ್ಲಿ.

ಪರೀಕ್ಷಾ ಕೊಠಡಿಯೊಂದನ್ನು ನೆನೆಯಿರಿ. ಮೊದಲ ಬೆಂಚಿಗೆ ಪ್ರಶ್ನೆಪತ್ರಿಕೆ ಮೊದಲು ಕೊಟ್ಟು ಉತ್ತರಪತ್ರಿಕೆಯನ್ನೂ ಮೊದಲು ಕಿತ್ತುಕೊಂಡು, ಕೊನೆಯ ಬೆಂಚಿಗೆ ಎರಡನ್ನೂ ತಡವಾಗಿ ಮಾಡಿದರೆ, ಎಲ್ಲರಿಗೂ ಸಿಕ್ಕ ಅವಧಿ ಒಂದೇ ಆದರೂ ಬರೆದ ಹೊತ್ತು ಬೇರೆ ಬೇರೆ. ಬೆಂಚುಗಳನ್ನು ಸೆನ್ಸರಿನ ಸಾಲುಗಳು ಎಂದುಕೊಂಡರೆ ಇದು ರೋಲಿಂಗ್ ಶಟರ್. ಗಂಟೆ ಬಾರಿಸಿದೊಡನೆ ಎಲ್ಲರೂ ಬರೆಯಲು ತೊಡಗಿ, ಮತ್ತೆ ಗಂಟೆ ಬಾರಿಸಿದಾಗ ಎಲ್ಲರೂ ಪೆನ್ನು ಕೆಳಗಿಟ್ಟು, ಮೇಲ್ವಿಚಾರಕರು ಬಂದು ಪತ್ರಿಕೆ ಒಯ್ಯುವ ತನಕ ಸುಮ್ಮನೆ ಕುಳಿತರೆ ಅದು ಗ್ಲೋಬಲ್ ಶಟರ್. ಕಾಯುವಾಗ ಯಾರಾದರೂ ಕದ್ದು ಎರಡು ಸಾಲು ಬರೆದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಹೆಸರು ಹೇಳಲಾಗದ ಒಂದು ಬಾಟ್ಲಿಂಗ್ ಕಾರ್ಖಾನೆಯ ಪ್ರಸಂಗವಿದು. ನನ್ನ ವಿದ್ಯಾರ್ಥಿಗಳು ಇದನ್ನು ಹಲವು ಬಾರಿ ಕೇಳಿದ್ದಾರೆ, ಅವರು ಕ್ಷಮಿಸಬೇಕು. ಅಲ್ಲಿ ಕ್ಯಾಮೆರಾ ಒಳ್ಳೆಯ ಬಾಟಲಿಗಳನ್ನೇ ‘ಮುಚ್ಚಳ ಸೊಟ್ಟ’ ಎಂದು ರಿಜೆಕ್ಟ್ ಮಾಡುತ್ತಿತ್ತು. ಕ್ಯಾಪಿಂಗ್ ಯಂತ್ರವನ್ನು ಬಿಚ್ಚಿ ಜೋಡಿಸಿದ್ದಾಯಿತು, ಮುಚ್ಚಳ ಪೂರೈಸುವವರನ್ನು ಕರೆಸಿ ಬೈದದ್ದಾಯಿತು, ಕ್ಯಾಮೆರಾದ ಸ್ಟ್ಯಾಂಡಿಗೆ ಮಟ್ಟಗೋಲು ಹಿಡಿದದ್ದೂ ಆಯಿತು. ಪರದೆಯ ಮುಂದೆ ನಾವೆಲ್ಲ ವಾದ ಮಾಡುತ್ತಿದ್ದಾಗ ಹಿಂದೆ ನಿಂತಿದ್ದ ಫಿಟ್ಟರ್ ಒಬ್ಬರು ಮೆಲ್ಲಗೆ, “ಸಾರ್, ಮುಚ್ಚಳ ಸೊಟ್ಟ ಕೂತಿದ್ರೆ ಅದರ ಮೇಲಂಚೂ ಸೊಟ್ಟ ಇರ್ಬೇಕಲ್ವಾ?” ಎಂದರು. ನೋಡಿದರೆ, ಪ್ರತಿಯೊಂದು ಚಿತ್ರದಲ್ಲೂ ಮೇಲಂಚು ಗೆರೆ ಎಳೆದಂತೆ ಅಡ್ಡವಾಗಿತ್ತು. ವಾಲಿದ್ದು ಪಕ್ಕದ ಅಂಚುಗಳು ಮತ್ತು ಕತ್ತು ಮಾತ್ರ.

ಆ ಒಂದು ಪ್ರಶ್ನೆಯಲ್ಲಿ ಇಡೀ ಉತ್ತರವಿತ್ತು: ತಪ್ಪು ಮುಚ್ಚಳದ್ದಲ್ಲ, ಕ್ಯಾಮೆರಾದ ರೋಲಿಂಗ್ ಶಟರಿನದು. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದೆ ಎನ್ನಿ. ಒಂದು ಸಾಲು ಓದಲು 10 ಮೈಕ್ರೊಸೆಕೆಂಡ್ ಬೇಕು ಎನ್ನಿ. ಮುಚ್ಚಳ ಮತ್ತು ಕತ್ತಿನ 40 ಮಿಲಿಮೀಟರ್ ಎತ್ತರ 400 ಸಾಲುಗಳನ್ನು ಆವರಿಸಿದೆ ಎನ್ನಿ. ಮೊದಲ ಸಾಲಿಗೂ ಕೊನೆಯ ಸಾಲಿಗೂ 4 ಮಿಲಿಸೆಕೆಂಡ್ ಅಂತರ; ಅಷ್ಟರಲ್ಲಿ ಬಾಟಲಿ 4 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಪ್ರತಿ ಸಾಲೂ ಅಡ್ಡಕ್ಕೆ ಮಾತ್ರ ಜರುಗುವುದರಿಂದ ಅಡ್ಡಗೆರೆ ಅಡ್ಡವಾಗಿಯೇ ಉಳಿದು ನೆಟ್ಟಗಿನ ಗೆರೆ ಸುಮಾರು 6 ಡಿಗ್ರಿ ವಾಲುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಬೆಳಕು ಹಿಡಿಯುವ ಹೊತ್ತನ್ನು, ಎಷ್ಟೇ ಕಡಿಮೆ ಮಾಡಿದರೂ ಈ ವಾಲುವಿಕೆ ಹೋಗದು, ಏಕೆಂದರೆ ಇದು ಮಸುಕಲ್ಲ. ಬಾಟಲಿ ಓಡಿದ್ದರಿಂದ ಆಗುವ ಮಸುಕಿಗೆ ಮದ್ದು ಚಿಕ್ಕ ಎಕ್ಸ್‌ಪೋಷರ್. ವಾಲುವಿಕೆಗೆ ಮದ್ದು ಗ್ಲೋಬಲ್ ಶಟರ್. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಹಣ ಕಳೆದುಕೊಂಡವರು ಈ ಸಭಾಂಗಣದಲ್ಲೂ ಇರಬಹುದು, ಕೈ ಎತ್ತಬೇಕಾಗಿಲ್ಲ.

ಹಾಗಾದರೆ ಪಿಕ್ಸೆಲ್ ಕಾಯುವುದು ಹೇಗೆ? ಬೆಳಕನ್ನು ವಿದ್ಯುತ್ ಚಾರ್ಜ್ ಆಗಿಸುವ ಫೋಟೊಡಯೋಡಿನ ಪಕ್ಕದಲ್ಲಿ, ಅದೇ ಪಿಕ್ಸೆಲ್ಲಿನೊಳಗೆ, ಲೋಹದ ಮರೆಯಡಿ ಒಂದು ಕತ್ತಲ ಕೋಣೆಯಿರುತ್ತದೆ. ಎಕ್ಸ್‌ಪೋಷರ್ ಮುಗಿದ ಕ್ಷಣ ಎಲ್ಲ ಪಿಕ್ಸೆಲ್‌ಗಳ ಗೇಟುಗಳೂ ಏಕಕಾಲಕ್ಕೆ ತೆರೆದು ಚಾರ್ಜ್ ಆ ಕೋಣೆಗೆ ಸರಿಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಚಾರ್ಜನ್ನು ಮೊದಲೇ ವೋಲ್ಟೇಜ್ ಆಗಿಸಿ ಪಿಕ್ಸೆಲ್ಲಿನೊಳಗಿನ ಕೆಪಾಸಿಟರ್‌ಗಳಲ್ಲಿ ಇಡುತ್ತಾರೆ. ಓದು ಆರಂಭವಾಗುವುದು ಆನಂತರ, ಸಾಲು ಸಾಲಾಗಿ.

ಈಗ ಕದ್ದು ಬರೆಯುವವರ ವಿಷಯ. ಕೋಣೆ ಪೂರ್ತಿ ಕತ್ತಲಲ್ಲ, ಮರೆಯ ಸಂದಿಯಿಂದ ಬೆಳಕು ನುಸುಳುತ್ತದೆ. ಎಕ್ಸ್‌ಪೋಷರ್ 50 ಮೈಕ್ರೊಸೆಕೆಂಡ್, 1000 ಸಾಲಿನ ಓದು 10 ಮಿಲಿಸೆಕೆಂಡ್ ಇದ್ದರೆ, ಕೊನೆಯ ಸಾಲು ಎಕ್ಸ್‌ಪೋಷರಿನ 200 ಪಟ್ಟು ಹೊತ್ತು ಕಾಯಬೇಕು. ಬಿದ್ದ ಬೆಳಕಿನಲ್ಲಿ ಸಾವಿರದಲ್ಲೊಂದು ಪಾಲು ಸೋರಿದರೂ, ದೀಪ ಉರಿಯುತ್ತಲೇ ಇದ್ದರೆ, ಆ ಸಾಲಿಗೆ ಸಲ್ಲದ ಶೇ 20ರಷ್ಟು ಸಂಕೇತ ಸೇರಿಬಿಡುತ್ತದೆ. ಆದ್ದರಿಂದಲೇ ಗ್ಲೋಬಲ್ ಶಟರ್ ಇದ್ದರೂ ಕ್ಷಣಮಾತ್ರ ಮಿಂಚಿ ಆರುವ ಸ್ಟ್ರೋಬ್ ದೀಪ ಬೇಕು ಎನ್ನುತ್ತೇನೆ. ಮತ್ತೆ ಅದೇ ಮಾತು: ವೇಗವಲ್ಲ, ಕತ್ತಲಲ್ಲಿ ಕಾಯುವುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಇತಿಹಾಸವನ್ನು ಓಡಿಸಿಬಿಡುತ್ತೇನೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ, ಹಳೆಯ ಕ್ಯಾಮೆರಾಗಳ ಸೆನ್ಸರ್ ಆಗಿದ್ದ ಸಿಸಿಡಿಯ ಇಂಟರ್‌ಲೈನ್ ಎಂಬ ಬಗೆಯಲ್ಲಿ ಇಂಥ ಮರೆಯ ಕೋಣೆ ಸಹಜವಾಗಿಯೇ ಇತ್ತು. 2015ರಲ್ಲಿ ಸೋನಿ ಸಿಸಿಡಿ ತಯಾರಿಕೆ ನಿಲ್ಲಿಸುವುದಾಗಿ ತಿಳಿಸಿದ ಮೇಲೆ ಉದ್ಯಮ ಸಿಮಾಸ್ ಎಂಬ ಇನ್ನೊಂದು ಬಗೆಯ ಸೆನ್ಸರ್ ಕಡೆಗೆ ಇನ್ನಷ್ಟು ವೇಗವಾಗಿ ವಾಲಿತು. ಅದೇ ಕಂಪನಿಯ ಪ್ರೀಜಿಯಸ್ ಎಂಬ ಗ್ಲೋಬಲ್ ಶಟರ್ ಸೆನ್ಸರ್‌ಗಳ ಪಿಕ್ಸೆಲ್ 5.86 ಮೈಕ್ರೊಮೀಟರ್‌ನಿಂದ 3.45ಕ್ಕೆ, ಮುಂದೆ 2.74ಕ್ಕೆ ಇಳಿದಿದೆ. ಕೋಣೆಗೂ ಜಾಗ ಬೇಕಾದ್ದರಿಂದ ಫೋಟೊಡಯೋಡಿಗೆ ಉಳಿಯುವ ಜಾಗ ಕಡಿಮೆ.

ಕೊನೆಯದಾಗಿ, ನಿಂತ ವಸ್ತುವಿನ ಚಿತ್ರ ತೆಗೆಯುವವರಿಗೆ ಇದರ ಖರ್ಚು ಬೇಡ. ಓಡುವ ವಸ್ತುವಿದ್ದರೂ, ಹೊರಬೆಳಕು ಬಾರದ ಪೆಟ್ಟಿಗೆಯೊಳಗೆ ಎಲ್ಲ ಸಾಲುಗಳೂ ತೆರೆದಿರುವ ಹೊತ್ತಿಗೆ ಸ್ಟ್ರೋಬ್ ಮಿಂಚಿಸಿದರೆ ರೋಲಿಂಗ್ ಶಟರ್ ಕೂಡ ಸಾಕು. ಕೊಳ್ಳಲೇಬೇಕಾದವರು ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಕೇಳುವ ಮೊದಲು ಕೋಣೆಗೆ ಎಷ್ಟು ಬೆಳಕು ಸೋರುತ್ತದೆ, ಯಾವ ತರಂಗಾಂತರದಲ್ಲಿ ಅಳೆದದ್ದು ಎಂದು ಕೇಳಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.