ಇಂಟರ್‌ಫೇಸ್ ಒಳಗೆ ಸ್ಟ್ಯಾಟಿಕ್ ಮೆಥಡ್‌ಗೆ ಏನು ಕೆಲಸ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಾಲು ಜಾವಾ ನೋಡೋಣ. ಟಿ ಅನ್ನೋದು ಒಂದು ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಒಂದು ಕೆಲಸದ ಎಳೆ. ‘ಟಿ ಡಾಟ್ ಸ್ಲೀಪ್’ ಅಂತ ಬರೆದು 1000 ಮಿಲಿಸೆಕೆಂಡ್ ಕೊಟ್ಟಿದ್ದೀರಿ. ಒಂದು ಸೆಕೆಂಡ್ ಮಲಗುವುದು ಯಾರು? ಟಿ ಅಂತ ಕೈ ಎತ್ತಿದವರೇ ಜಾಸ್ತಿ ಇದ್ದೀರಿ. ಅಲ್ಲ. ಆ ಸಾಲನ್ನು ಓಡಿಸುತ್ತಿರುವ ಥ್ರೆಡ್ಡೇ ಮಲಗುತ್ತದೆ. ಸ್ಲೀಪ್ ಸ್ಟ್ಯಾಟಿಕ್ ಮೆಥಡ್, ಅಂದರೆ ಯಾವುದೋ ಒಂದು ಆಬ್ಜೆಕ್ಟ್‌ಗಲ್ಲ, ಕ್ಲಾಸ್‌ಗೇ ಸೇರಿದ ಮೆಥಡ್. ಕಂಪೈಲರ್ ನೋಡುವುದು ಟಿ ಯಾವ ಟೈಪ್ ಅನ್ನೋದನ್ನು ಮಾತ್ರ. ಟಿ ನಲ್ ಆಗಿದ್ದರೂ, ಅಂದರೆ ಅದರಲ್ಲಿ ಯಾವ ಆಬ್ಜೆಕ್ಟೂ ಇಲ್ಲದಿದ್ದರೂ, ನಲ್ ಪಾಯಿಂಟರ್ ಎಕ್ಸೆಪ್ಶನ್ ಅನ್ನೋ ತಪ್ಪು ಬರುವುದಿಲ್ಲ! ಅಲ್ಲಿ ಟಿ ಸುಮ್ನೆ ಹೆಸರಿಗೆ ಇದೆ ಅಷ್ಟೇ.

ಇಂಟರ್‌ಫೇಸ್ ಅಂದರೆ ಒಂದು ಕ್ಲಾಸ್‌ನಲ್ಲಿ ಯಾವ ಮೆಥಡ್‌ಗಳು ಇರಬೇಕು ಅಂತ ಹೇಳುವ ಒಪ್ಪಂದ. ಅದರ ದಾರಿ ಇದಕ್ಕೆ ಉಲ್ಟಾ. ಲಿಸ್ಟ್ ಟೈಪಿನ ವೇರಿಯಬಲ್ ಮೇಲೆ ಆಡ್ ಕರೆದರೆ, ಅರೇಲಿಸ್ಟ್‌ನದೋ ಲಿಂಕ್ಡ್‌ಲಿಸ್ಟ್‌ನದೋ ಅಂತ ತೀರ್ಮಾನ ಆಗುವುದು ಪ್ರೋಗ್ರಾಂ ಓಡುವಾಗ, ಕೈಯಲ್ಲಿರುವ ಆಬ್ಜೆಕ್ಟ್ ನೋಡಿ. ಹಾಗಾದರೆ ಆಬ್ಜೆಕ್ಟೇ ಬೇಡದ ಮೆಥಡ್‌ಗೆ ಇಂಟರ್‌ಫೇಸ್ ಒಳಗೆ ಏನು ಕೆಲಸ?

ಜಾವಾದಲ್ಲಿ ಬಹಳ ಕಾಲ ಅದಕ್ಕೆ ಜಾಗವೇ ಇರಲಿಲ್ಲ. ಅದಕ್ಕೇ ಸ್ಟ್ಯಾಟಿಕ್ ಮೆಥಡ್ ಇಡಲು ಕಲೆಕ್ಷನ್ ಅನ್ನೋ ಇಂಟರ್‌ಫೇಸ್ ಪಕ್ಕದಲ್ಲಿ ಕಲೆಕ್ಷನ್ಸ್ ಅನ್ನೋ ಕ್ಲಾಸ್, ಪಾತ್ ಪಕ್ಕದಲ್ಲಿ ಪಾತ್ಸ್. 2014ರಲ್ಲಿ ಬಂದ ಜಾವಾ 8 ಈ ಬಾಗಿಲು ತೆರೆಯಿತು. ಕಂಪ್ಯಾರೇಟರ್‌ಗೆ ‘ಕಂಪೇರಿಂಗ್’ ಬಂತು. 2017ರಲ್ಲಿ, ಜಾವಾ 9ರ ಜೊತೆ, ‘ಲಿಸ್ಟ್ ಡಾಟ್ ಆಫ್’ ಬಂತು. ಜಾವಾ 11ರಲ್ಲಿ ‘ಪಾತ್ ಡಾಟ್ ಆಫ್’ ಬಂದ ಮೇಲೆ ಪಾತ್ಸ್ ಕ್ಲಾಸ್‌ಗೆ ಹೆಚ್ಚು ಕೆಲಸ ಉಳಿಯಲಿಲ್ಲ.

ಇಲ್ಲಿ ಒಂದು ಜಾಣ ನಿಯಮ ಇದೆ. ಕ್ಲಾಸ್‌ನ ಸ್ಟ್ಯಾಟಿಕ್ ಮೆಥಡ್ ಅದರ ಸಬ್‌ಕ್ಲಾಸ್‌ಗೂ ಸಿಗುತ್ತದೆ. ಇಂಟರ್‌ಫೇಸ್‌ನದು ಹಾಗಲ್ಲ. ‘ಅರೇಲಿಸ್ಟ್ ಡಾಟ್ ಆಫ್’ ಅಂತ ಬರೆದರೆ ಕಂಪೈಲ್ ಆಗುವುದಿಲ್ಲ. ಲಿಸ್ಟ್ ವೇರಿಯಬಲ್ ಮೂಲಕ ಕರೆದರೂ ಆಗುವುದಿಲ್ಲ. ಲಿಸ್ಟ್ ಅನ್ನೋ ಹೆಸರನ್ನೇ ಹೇಳಬೇಕು. ಸ್ಲೀಪ್‌ನಂಥ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ನನಗಂತೂ ಇದು ತುಂಬಾ ಹಿಡಿಸಿದ ನಿಯಮ.

ಆದರೆ ಗಮನಿಸಿ, ಈ ಮೆಥಡ್ ಇಂಟರ್‌ಫೇಸ್ ಮನೆಯಲ್ಲಿ ಬಾಡಿಗೆಗೆ ಇದೆ, ಅಷ್ಟೇ. ಇಂಪ್ಲಿಮೆಂಟ್ ಮಾಡುವ ಕ್ಲಾಸ್ ಮೇಲೆ ಅದು ಯಾವ ಷರತ್ತನ್ನೂ ಹಾಕುವುದಿಲ್ಲ. ‘ನಿನ್ನಲ್ಲೂ ಇಂಥ ಸ್ಟ್ಯಾಟಿಕ್ ಮೆಥಡ್ ಇರಲೇಬೇಕು’ ಅಂತ ಜಾವಾದಲ್ಲಿ ಹೇಳಲು ದಾರಿಯಿಲ್ಲ.

ಅದು ಯಾಕೆ ಬೇಕು ಅಂತೀರಾ? ಯಾವ ಬಗೆಯ ಸಂಖ್ಯೆಯಾದರೂ ಸರಿ, ಒಂದು ಲಿಸ್ಟ್‌ನ ಮೊತ್ತ ಹಾಕುವ ಮೆಥಡ್ ಬರೆಯಬೇಕು. ಲಿಸ್ಟ್ ಖಾಲಿ ಇದ್ದರೆ ಸೊನ್ನೆ ಕೊಡಬೇಕು. ಯಾವ ಟೈಪಿನ ಸೊನ್ನೆ? ಕೇಳೋಣ ಅಂದರೆ ಕೈಯಲ್ಲಿ ಒಂದೂ ಆಬ್ಜೆಕ್ಟ್ ಇಲ್ಲ. ಟೈಪನ್ನೇ ಕೇಳಬೇಕು. ಸಿ ಶಾರ್ಪ್ ಭಾಷೆಯ 11, ಅಂದರೆ 2022ರ ಆವೃತ್ತಿ, ಇದಕ್ಕೆ ಸ್ಟ್ಯಾಟಿಕ್ ಅಬ್‌ಸ್ಟ್ರಾಕ್ಟ್ ಮೆಂಬರ್ ತಂದಿತು, ಅಂದರೆ ಇಂಪ್ಲಿಮೆಂಟ್ ಮಾಡುವ ಟೈಪ್ ತಾನೇ ಕೊಡಬೇಕಾದ ಸ್ಟ್ಯಾಟಿಕ್ ಮೆಂಬರ್. ಅಲ್ಲಿ ಸಂಖ್ಯೆಗಳಿಗಾಗಿ ಇರುವ ಐನಂಬರ್ ಇಂಟರ್‌ಫೇಸ್‌ನ ಷರತ್ತು ಹಾಕಿದರೆ ಸಾಕು, ಜೆನರಿಕ್ ಕೋಡ್, ಅಂದರೆ ಬೇರೆ ಬೇರೆ ಟೈಪಿಗೂ ಒಗ್ಗುವ ಕೋಡ್ ಒಳಗೆ ‘ಟಿ ಡಾಟ್ ಝೀರೋ’ ಅಂತ ನೇರವಾಗಿ ಬರೆಯಬಹುದು. ಈ ಟಿ ಥ್ರೆಡ್ ಅಲ್ಲ, ಟೈಪ್ ಪ್ಯಾರಾಮೀಟರ್, ಅಂದರೆ ಆಮೇಲೆ ತುಂಬುವ ಟೈಪಿನ ಹೆಸರು. ಇಂಟ್ ಆದರೆ ಇಂಟ್‌ನ ಸೊನ್ನೆ, ಡೆಸಿಮಲ್ ಆದರೆ ಡೆಸಿಮಲ್‌ನದು.

ಜಾವಾದಲ್ಲಿ ಇದು ಕಷ್ಟ. ಕಂಪೈಲ್ ಆಗುವಾಗ ಜೆನರಿಕ್‌ನ ಟಿ ಅಳಿಸಿಹೋಗುತ್ತದೆ. ಓಡುವಾಗ ಹುಡುಕಲು ಟೈಪೇ ಇರುವುದಿಲ್ಲ. ಅದಕ್ಕೇ ಸ್ಟ್ರೀಮ್‌ನಲ್ಲಿ ಎಲ್ಲವನ್ನೂ ಒಂದಾಗಿ ಸೇರಿಸುವ ರೆಡ್ಯೂಸ್ ಬಳಸಿ ಮೊತ್ತ ಹಾಕುವಾಗ ಸೊನ್ನೆಯನ್ನು ನಾವೇ ಕೊಡುತ್ತೇವೆ. ನಿಮ್ಮ ಜೆನರಿಕ್ ಕೋಡ್‌ಗೂ ಹೀಗೇ ಮಾಡಿ: ಆರಂಭದ ವ್ಯಾಲ್ಯೂವನ್ನೋ, ಅದನ್ನು ಹುಟ್ಟಿಸುವ ಸಪ್ಲೈಯರ್ ಅನ್ನೋ ಆರ್ಗ್ಯುಮೆಂಟ್ ಆಗಿ ಕೇಳಿಬಿಡಿ.